ಲೈಸೆನ್ಸಿಗೆ ಅಪೊಸ್ಟಿಲ್ ಮತ್ತು ಮಾವನ ಲ್ಯಾಮಿನೇಷನ್ | ನೀರ್ಚಾಲು ಟು ಕಾಸರಗೋಡು ವ್ಲಾಗ್

ಅಲ್ಲಾಡುತ್ತಿರುವುದು ಕ್ಯಾಮೆರಾ ಅಲ್ಲ, ಬಸ್ಸು. ನೀರ್ಚಾಲಿನಲ್ಲಿ ಹತ್ತಿದ್ದೇವೆ, ಸೀಟು ಸಿಕ್ಕಿದ್ದು ಸರಿಯಾಗಿ ಹಿಂದಿನ ಚಕ್ರದ ಮೇಲೆ. ಪಕ್ಕದಲ್ಲಿ ಫೈಲು ಅಪ್ಪಿಕೊಂಡು ಕೂತವನು ನನ್ನ ತಮ್ಮ. ಮುಖ ತೋರಿಸಬೇಡ ಅಂದಿದ್ದಾನೆ. ಹಾಗಾಗಿ ಇವತ್ತು ಪೂರ್ತಿ ಅವನ ಕೈ, ಚಪ್ಪಲಿ, ಫೈಲು, ಇಷ್ಟೇ ನೋಡಬೇಕು ನೀವು.

ವಿಷಯ ಏನೆಂದರೆ, ಇವನಿಗೆ ಒಮಾನಿನ ಸೊಹಾರ್‌ನಲ್ಲಿ ಪಿಕಪ್ ಓಡಿಸುವ ಕೆಲಸ ಸಿಕ್ಕಿದೆ. ಕಂಪನಿಯವರು ಕೇಳಿದ ಕಾಗದಗಳ ಪಟ್ಟಿ ಮದುವೆ ಸಾಮಾನಿನ ಚೀಟಿಯಷ್ಟು ಉದ್ದ ಉಂಟು. ಅದರಲ್ಲಿ ಒಂದು, ಡ್ರೈವಿಂಗ್ ಲೈಸೆನ್ಸಿನ ಪ್ರತಿ, ಅಪೊಸ್ಟಿಲ್ ಆಗಿರಬೇಕು, ಅಂದರೆ ಪರದೇಶದವರು ಒಪ್ಪುವ ಹಾಗೆ ನಮ್ಮ ಸರ್ಕಾರದ ಒಂದು ಸ್ಟಿಕ್ಕರ್ ಅದಕ್ಕೆ ಅಂಟಿಸಿರಬೇಕು. ಬೇರೆ ಎಲ್ಲ ಕಾಗದ ಆಯಿತು. ಇದೊಂದು ಉಳಿದಿತ್ತು.

ಇಗೋ, ಬೇಳ. ಈಗ ಡ್ರೈವಿಂಗ್ ಟೆಸ್ಟ್ ನಡೆಯುವ ಮೈದಾನ ಇರುವುದು ಈ ಊರಲ್ಲೇ. ಇವನ ಟೆಸ್ಟ್ ಆದದ್ದು ಇದೆಲ್ಲ ಬರುವ ಮೊದಲು. ಕೇರಳದಲ್ಲಿ ಕಾರಿಗೆ ‘ಎಚ್’ ಹಾಕಬೇಕು, ಬೈಕಿಗೆ ‘8’ ಹಾಕಬೇಕು, ಗೊತ್ತಲ್ವಾ. ನೆಲಕ್ಕೆ ಊರಿದ ಕಂಬಗಳ ನಡುವೆ ಮುಂದೆ ಹೋಗಿ, ಹಿಂದೆ ಬಂದು, ಒಂದು ಕಂಬಕ್ಕೂ ತಾಗಿಸದೆ. 2024ರಲ್ಲಿ ಈ ಎಚ್ ತೆಗೆದು ಬೇರೆ ತರದ ಟೆಸ್ಟ್ ತರಲು ಸರ್ಕಾರ ಹೊರಟಾಗ ಡ್ರೈವಿಂಗ್ ಸ್ಕೂಲಿನವರು ಮೈದಾನದಲ್ಲೇ ಕೂತು ಮುಷ್ಕರ ಮಾಡಿದ್ದರು. ನಾನು ಆಗ ಸರ್ಕಾರದ ಪರ ಇದ್ದೆ. ರಸ್ತೆಯಲ್ಲಿ ಯಾರು ಸ್ವಾಮಿ ಎಚ್ ಹಾಕುತ್ತಾರೆ? ಆಮೇಲೆ ನಾನೇ ಕಲಿಯಲು ಹೋದೆ. ರಿವರ್ಸ್ ಬಂದದ್ದೇ ಎಚ್ ಹಾಕಿ ಹಾಕಿ. ಈಗ ಸ್ಕೂಲಿನವರ ಪರ.

ಕುಂಬಳೆ ಬಂತು. ಹೊಸ ಆರು ಪಥದ ಹೈವೇ, ಎನ್‌ಎಚ್ 66. ಮೇಲೆ ಕಾರುಗಳು ಸುಂಯ್ ಅಂತ ಹೋಗುತ್ತಿವೆ. ನಾವು ಕೆಳಗೆ ಸರ್ವಿಸ್ ರಸ್ತೆಯಲ್ಲಿ, ಮುಂದೆ ಒಂದು ಆಟೋ, ಅದರ ಮುಂದೆ ಒಂದು ಮೀನಿನ ಗಾಡಿ, ವಾಸನೆ ನಿಮಗೆ ಬರುವುದಿಲ್ಲ, ನಿಮ್ಮ ಪುಣ್ಯ. ಬಸ್ಸಿನವರಿಗೆ ಈ ಹೈವೇಯಿಂದ ಏನು ಲಾಭ ಆಯಿತೋ, ನನಗಂತೂ ಕಾಣುವುದಿಲ್ಲ.

ನಿಂತಿದ್ದೇವಲ್ಲ, ಅಷ್ಟರಲ್ಲಿ ಈ ಅಪೊಸ್ಟಿಲ್ ಕಥೆ ಹೇಳಿ ಮುಗಿಸುತ್ತೇನೆ. 1961ರ ಅಕ್ಟೋಬರ್ 5ಕ್ಕೆ ಹೇಗ್‌ನಲ್ಲಿ ಒಂದು ಒಪ್ಪಂದ ಆಯಿತು. ಅದಕ್ಕೆ ಸೇರಿದ ದೇಶಗಳು ಒಬ್ಬರ ಕಾಗದವನ್ನು ಇನ್ನೊಬ್ಬರು ಒಂದೇ ಸ್ಟಿಕ್ಕರ್ ನೋಡಿ ಒಪ್ಪಿಕೊಳ್ಳುತ್ತವೆ. ನಮ್ಮ ದೇಶದಲ್ಲಿ ಇದು ಜಾರಿಗೆ ಬಂದದ್ದು 2005ರಲ್ಲಿ, ಒಮಾನಿನಲ್ಲಿ 2012ರಲ್ಲಿ. ಸೌದಿಯಲ್ಲಿ ತೀರಾ ಈಚೆಗೆ, 2022ರ ಡಿಸೆಂಬರ್‌ನಲ್ಲಿ. ದುಬೈ, ಕುವೈತ್, ಕತಾರ್ ಕಡೆ ಹೋಗುವವರಿಗೆ ಈ ಸ್ಟಿಕ್ಕರ್ ನಡೆಯುವುದಿಲ್ಲ. ನಮ್ಮ ವಿದೇಶಾಂಗ ಸಚಿವಾಲಯದ ಮೊಹರು ಆದ ಮೇಲೆ ಆ ದೇಶದ ರಾಯಭಾರ ಕಚೇರಿಯ ಮೊಹರು ಬೇರೆ ಬೇಕು, ಅದಕ್ಕೆ ಬೇರೆ ದುಡ್ಡು. ನಮ್ಮ ಊರಿನ ಅರ್ಧ ಮನೆಯವರು ಇರುವುದು ದುಬೈಯಲ್ಲಿ, ಹಾಗಾಗಿ ಇವನಿಗೆ ಸಲಹೆ ಕೊಟ್ಟವರೆಲ್ಲ ರಾಯಭಾರ ಕಚೇರಿಯ ಮೊಹರು ಹಾಕಿಸು ಅಂತಲೇ ಹೇಳಿದರು. ಬೇಡ. ಒಮಾನಿಗೆ ಅದು ಬೇಡ.

ಮತ್ತೆ ಇಂಟರ್‌ನ್ಯಾಷನಲ್ ಪರ್ಮಿಟ್ ಸಾಲದಾ ಅಂತ ಕೇಳುವವರಿಗೆ. ಅದು ಬೇರೆ ವಸ್ತು. ಆರ್‌ಟಿಓದಿಂದ ಸಿಗುವ ಪುಟ್ಟ ಪುಸ್ತಕ, 1,000 ರೂಪಾಯಿ ಫೀಸು, ಒಂದು ವರ್ಷ ನಡೆಯುತ್ತದೆ. ಸಾರಥಿ ವೆಬ್‌ಸೈಟಿನಲ್ಲೇ ಅರ್ಜಿ ಹಾಕಬಹುದು. ಸುತ್ತಾಡಲು ಹೋಗುವವರಿಗೆ ಅದು ಒಳ್ಳೆಯದು. ಅಲ್ಲೇ ನಿಂತು ಕೆಲಸ ಮಾಡುವವರಿಗೆ ಕೊನೆಗೆ ಅಲ್ಲಿಯ ಲೈಸೆನ್ಸೇ ಬೇಕಾಗುತ್ತದೆ. ಸರಿ, ಬಸ್ಸು ಹೊರಟಿತು.

ಕಾಸರಗೋಡು. ಇದು ಝೆರಾಕ್ಸ್ ಅಂಗಡಿ. ಕಲರ್ ಪ್ರಿಂಟು, ಎದುರು ಬದಿ ಹಿಂದಿನ ಬದಿ ಎರಡೂ ಒಂದೇ ಹಾಳೆಯಲ್ಲಿ. ಯಾಕೆಂದರೆ ಲೈಸೆನ್ಸ್ ಕಾರ್ಡಿನ ಮೇಲೆ ಯಾರೂ ಮೊಹರು ಹಾಕುವುದಿಲ್ಲ. ಎಲ್ಲಿ ಹಾಕುವುದು? ಆ ಪ್ಲಾಸ್ಟಿಕ್ಕಿನ ಮೇಲೆ ಶಾಯಿ ನಿಲ್ಲಬೇಕಲ್ಲ. ಹಾಗಾಗಿ ಹಾಳೆಯ ಮೇಲೆ ಪ್ರತಿ ತೆಗೆದು, ನೋಟರಿ ವಕೀಲರು ಮೂಲ ಕಾರ್ಡು ನೋಡಿ ಇದು ಅದರದ್ದೇ ಪ್ರತಿ ಅಂತ ಸಹಿ ಮಾಡಬೇಕು. ಆಮೇಲೆ ರಾಜ್ಯದ ಗೃಹ ಇಲಾಖೆಯ ಮೊಹರು. ಅದರ ಮೇಲೆ ದೆಹಲಿಯ ವಿದೇಶಾಂಗ ಸಚಿವಾಲಯದ ಸ್ಟಿಕ್ಕರ್. ಪ್ರತಿಯೊಬ್ಬರೂ ನೋಡುವುದು ತಮ್ಮ ಹಿಂದಿನವರ ಸಹಿಯನ್ನು ಮಾತ್ರ. ಆ ಸಹಿ ಸಾಚಾ, ಆ ಮೊಹರು ಸಾಚಾ, ಅಷ್ಟನ್ನೇ ಅಪೊಸ್ಟಿಲ್ ಹೇಳುವುದು. ಇವನಿಗೆ ಗಾಡಿ ಓಡಿಸಲು ಬರುತ್ತದೋ ಇಲ್ಲವೋ ಅದು ಹೇಳುವುದಿಲ್ಲ. ಹೇಳುವುದಾದರೆ ನಾನೇ ಒಂದು ಸಾಕ್ಷಿ ಬರೆದು ಕೊಡುತ್ತಿದ್ದೆ, ಪೆರ್ಲ ರಸ್ತೆಯ ತಿರುವುಗಳಲ್ಲಿ ಇವನ ಜತೆ ಕೂತು ಹೋದವಳು ನಾನು.

ನೋಟರಿಯವರ ಆಫೀಸಿನೊಳಗೆ ಕ್ಯಾಮೆರಾ ಬೇಡ ಅಂದರು. ಅದಕ್ಕೆ ಈ ಮೆಟ್ಟಿಲು ನೋಡಿ. ಕೆಂಪು ಸೀಲು, ಸಹಿ, ನೋಟರಿ ಸ್ಟಾಂಪು. ಆಯಿತು.

ಮುಂದಿನ ಮೊಹರು, ಸ್ಟಿಕ್ಕರ್ ಎಲ್ಲ ಮಾಡಿಸಿ ಕೊಡುವ ಏಜೆಂಟ್ ಅಂಗಡಿಯಲ್ಲೂ ಶೂಟ್ ಮಾಡಲಿಲ್ಲ. ಎದುರಿನ ಹೋಟೆಲಿನ ಗೋಳಿಬಜೆ ಇದು. ಬಿಸಿ ಇದೆ ಅಂತ ಬಿಟ್ಟರೆ ಹೇಳುವಂಥದ್ದು ಏನಿಲ್ಲ, ಚಟ್ನಿ ನೀರು ನೀರು. ಏಜೆಂಟ್ ಹೇಳಿದ ರೇಟು 4,500 ರೂಪಾಯಿ. ಈಗ ಕೇಳಿ. ವಿದೇಶಾಂಗ ಸಚಿವಾಲಯ ಒಂದು ಅಪೊಸ್ಟಿಲ್‌ಗೆ ತೆಗೆದುಕೊಳ್ಳುವ ಫೀಸು 50 ರೂಪಾಯಿ. ಐವತ್ತು! ದುಬೈ ಕಡೆಗೆ ಬೇಕಾಗುವ ಸಾದಾ ಮೊಹರಾದರೆ ಅದೂ ಇಲ್ಲ, ಪುಕ್ಕಟೆ. ಉಳಿದದ್ದೆಲ್ಲ ಯಾರ ಹೊಟ್ಟೆಗೆ ಅಂತ ನಾನು ಹೋಟೆಲಿನಲ್ಲಿ ದೊಡ್ಡ ಸ್ವರದಲ್ಲೇ ಹೇಳಿದೆ. ಇವನು ಮೇಜಿನ ಕೆಳಗೆ ನನ್ನ ಕಾಲು ಮೆಟ್ಟಿದ. ಇನ್ನೊಬ್ಬ ಏಜೆಂಟ್ ಕಡಿಮೆ ಹೇಳಿದ್ದ. ಆದರೆ ಅವನದ್ದು ನಮ್ಮ ರಾಜ್ಯದ ಮೊಹರು ಬಿಟ್ಟು ದೆಹಲಿಯ ಎಸ್‌ಡಿಎಂ, ಅಂದರೆ ಅಲ್ಲಿಯ ಉಪವಿಭಾಗದ ಮ್ಯಾಜಿಸ್ಟ್ರೇಟರ, ಮೊಹರಿನ ದಾರಿ. ಅದು ಎಲ್ಲ ಕಡೆ ನಡೆಯುವುದಿಲ್ಲ, ಇವನ ಕಂಪನಿಯವರು ರಾಜ್ಯದ್ದೇ ಬೇಕು ಅಂದಿದ್ದಾರೆ. ಆಲೋಚನೆ ಮಾಡಿ ಬರುತ್ತೇವೆ ಅಂತ ಹೇಳಿ ಮನೆಗೆ ಬಂದೆವು. ಆಲೋಚನೆ ಮಾಡಲು ಬಂದದ್ದೇ ತೊಂದರೆಯಾಯಿತು.

ಈಗ ಮಾವನ ಬಗ್ಗೆ. ಮುಖ ಬ್ಲರ್ ಮಾಡಿದ್ದೇನೆ, ಆದರೆ ಆ ಬನಿಯನ್ ನಮ್ಮ ಊರಿನವರಿಗೆಲ್ಲ ಗುರುತು ಸಿಗುತ್ತದೆ. ಮಾವ ತುಂಬ ವರ್ಷ ಗಲ್ಫಿನಲ್ಲಿದ್ದು ಬಂದವರು, ಕಾಗದ ಪತ್ರದ ವಿಷಯದಲ್ಲಿ ಮನೆಯಲ್ಲಿ ಅವರದ್ದೇ ಕೊನೆಯ ಮಾತು. ಮತ್ತು ಅವರ ಒಂದೇ ಮಾತು ಲ್ಯಾಮಿನೇಷನ್. ರೇಷನ್ ಕಾರ್ಡು ಲ್ಯಾಮಿನೇಷನ್. ಎಸ್‌ಎಸ್‌ಎಲ್‌ಸಿ ಪುಸ್ತಕ ಲ್ಯಾಮಿನೇಷನ್, ಪುಟ ಪುಟ ಬೇರೆ ಮಾಡಿ. ಭೂತೆರಿಗೆ ರಸೀದಿ ಲ್ಯಾಮಿನೇಷನ್. ಅಜ್ಜಿಯ ಮದ್ದಿನ ಚೀಟಿ ಸಹ. ತಪ್ಪು ಅವರದ್ದು ಮಾತ್ರ ಅಂತ ಹೇಳಲಾರೆ, ಕೇರಳದ ಹಳೆಯ ಡ್ರೈವಿಂಗ್ ಲೈಸೆನ್ಸೇ ಲ್ಯಾಮಿನೇಷನ್ ಮಾಡಿದ ಕಾಗದ ಆಗಿತ್ತಲ್ವಾ. ಬೇರೆ ರಾಜ್ಯದವರೆಲ್ಲ ಎಟಿಎಂ ಕಾರ್ಡಿನ ಹಾಗೆ ಗಟ್ಟಿ ಕಾರ್ಡು ತೋರಿಸುವಾಗ ನಾವು ಬದಿ ಎದ್ದ ಆ ಕಾಗದ ತೋರಿಸುತ್ತಿದ್ದೆವು. ಗಟ್ಟಿ ಕಾರ್ಡು ಬಂದದ್ದು 2023ರ ಏಪ್ರಿಲ್‌ನಲ್ಲಿ, ಕ್ಯೂಆರ್ ಕೋಡ್ ಸಮೇತ. ಇವನೂ ಹಳೆಯದನ್ನು ಕೊಟ್ಟು ಹೊಸದು ಮಾಡಿಸಿಕೊಂಡದ್ದು, ಇಲ್ಲದಿದ್ದರೆ ಆ ಕಾಗದ ನೋಡಿ ಸೊಹಾರಿನವರು ಇದು ಲೈಬ್ರರಿ ಕಾರ್ಡಾ ಅಂತ ಕೇಳುತ್ತಿದ್ದರು.

ಸಂಜೆ ಮಾವ ಪೇಟೆಗೆ ಹೋದರು. ಬರುವಾಗ ಕೈಯಲ್ಲಿ ಮೀನು, ಎಲೆಯಡಿಕೆ, ಮತ್ತೆ ನೋಟರಿ ಆದ ನಮ್ಮ ಹಾಳೆ. ಫಳಫಳ ಹೊಳೆಯುತ್ತಿದೆ. ಎರಡೂ ಬದಿ ಪ್ಲಾಸ್ಟಿಕ್ಕು. ನಾಲ್ಕು ಮೂಲೆ ಗುಂಡಗೆ ಕತ್ತರಿಸಿ ತಂದಿದ್ದಾರೆ, ಮೂಲೆ ಚುಚ್ಚಬಾರದು ಅಂತ. “ಸಮುದ್ರಕ್ಕೆ ಬಿದ್ದರೂ ಏನೂ ಆಗುವುದಿಲ್ಲ” ಅಂದರು. ಇವನು ಹೋಗುವುದು ವಿಮಾನದಲ್ಲಿ.

ನಾನು ನಗಲಿಲ್ಲ, ಆ ಹೊತ್ತಿಗೆ ನಗು ಬರಲೂ ಇಲ್ಲ. ತಮ್ಮನ ಮುಖ ತೋರಿಸಬಾರದು ಅಂತ ಮಾತು ಕೊಟ್ಟಿದ್ದೇನೆ, ಇಲ್ಲದಿದ್ದರೆ ಈ ವಿಡಿಯೋದ ಥಂಬ್‌ನೇಲ್ ಅದೇ ಆಗುತ್ತಿತ್ತು. ಗೃಹ ಇಲಾಖೆಯವರು ಮೊಹರು ಒತ್ತಬೇಕಾದದ್ದು ಈ ಹಾಳೆಯ ಮೇಲೆ. ದೆಹಲಿಯವರು ಸ್ಟಿಕ್ಕರ್ ಅಂಟಿಸಬೇಕಾದದ್ದು ಇದರ ಹಿಂಬದಿಗೆ. ಪ್ಲಾಸ್ಟಿಕ್ಕಿನ ಮೇಲೆ ಯಾರು ಒತ್ತುತ್ತಾರೆ? ಆದರೂ ಒಂದು ಆಸೆ, ಮರುದಿನ ಅದನ್ನೇ ಏಜೆಂಟ್ ಹುಡುಗನಿಗೆ ತೋರಿಸಿದೆವು. ಅವನು ಹಾಳೆಯನ್ನು ಬೆಳಕಿಗೆ ಹಿಡಿದು, ಆಚೆ ಈಚೆ ತಿರುಗಿಸಿ, ತುಂಬ ಮರ್ಯಾದೆಯಿಂದ ಮೇಜಿನ ಮೇಲೆ ಇಟ್ಟು “ಗೋಡೆಗೆ ಹಾಕಬಹುದು” ಅಂದ.

ಇದು ಇಸ್ತ್ರಿ ಪೆಟ್ಟಿಗೆ ದೃಶ್ಯ. ಬಿಸಿ ಮಾಡಿದರೆ ಪ್ಲಾಸ್ಟಿಕ್ ಬಿಡುತ್ತದೆ ಅಂತ ಇಂಟರ್‌ನೆಟ್ಟಿನಲ್ಲಿ ಯಾರೋ ತೋರಿಸಿದ್ದಾರೆ, ಹಿಂದಿಯಲ್ಲಿ, ಹಿನ್ನೆಲೆ ಸಂಗೀತ ಬೇರೆ. ಮಾವ ತಾವೇ ಸರಿ ಮಾಡುತ್ತೇನೆ ಅಂತ ಹೊರಟರು. ಮೇಲೆ ಒಂದು ಬಟ್ಟೆ ಹಾಸಿದರು, ಇಸ್ತ್ರಿ ಇಟ್ಟರು, ಮೂಲೆ ಹಿಡಿದು ಮೆಲ್ಲ ಎಳೆದರು. ಬಂತು! ಒಂದು ಇಂಚು ಚೆನ್ನಾಗಿ ಬಂತು. ಅಮ್ಮ ಸಹ ಅಡುಗೆಮನೆಯಿಂದ ಬಂದು ನಿಂತರು. ಎರಡನೇ ಇಂಚಿನಲ್ಲಿ ಕಲರ್ ಪ್ರಿಂಟಿನ ಬಣ್ಣ ಪ್ಲಾಸ್ಟಿಕ್ಕಿನ ಜತೆಯೇ ಎದ್ದು ಬಂತು. ಮೂರನೆಯದರಲ್ಲಿ ತಮ್ಮನ ಫೋಟೋದ ಅರ್ಧ ತಲೆ ಹೋಯಿತು. ನೋಟರಿಯವರ ಕೆಂಪು ಸೀಲು ಬಟ್ಟೆಗೆ ಹಿಡಿಯಿತು. ಬಟ್ಟೆ ಅಂದರೆ ಅಮ್ಮನ ಒಳ್ಳೆಯ ಮೇಜುಹಾಸು, ಹಾಗಾಗಿ ಜಗಳದ ವಿಷಯವೇ ಬೇರೆ ಕಡೆ ತಿರುಗಿತು. ಲೈಸೆನ್ಸು ಹಾಳಾದದ್ದು ಎಲ್ಲರಿಗೂ ಮರೆತುಹೋಯಿತು.

ದಯವಿಟ್ಟು ಕೇಳಿ. ಮೊಹರು ಬೀಳಬೇಕಾದ ಯಾವ ಕಾಗದವನ್ನೂ ಲ್ಯಾಮಿನೇಷನ್ ಮಾಡಿಸಬೇಡಿ. ಮಾಡಿಸಿ ಆಗಿದ್ದರೆ ಇಸ್ತ್ರಿ ಮುಟ್ಟಬೇಡಿ. ನಮ್ಮದು ಪ್ರತಿ ಮಾತ್ರ, ಮೂಲ ಕಾರ್ಡು ಕಪಾಟಿನಲ್ಲಿ ಭದ್ರ ಇತ್ತು. ಮದುವೆ ಸರ್ಟಿಫಿಕೇಟೋ ಡಿಗ್ರಿ ಸರ್ಟಿಫಿಕೇಟೋ ಆಗಿದ್ದರೆ ಹೊಸದಕ್ಕೆ ಎಷ್ಟು ಕಚೇರಿ ಸುತ್ತಬೇಕಿತ್ತು, ನೀವೇ ಲೆಕ್ಕ ಹಾಕಿ.

ಪುನಃ ಅದೇ ಝೆರಾಕ್ಸ್, ಅದೇ ಮೆಟ್ಟಿಲು, ಅದೇ ಕೆಂಪು ಸೀಲು. ಈ ಶಾಟ್ ಫಾಸ್ಟ್ ಮಾಡಿದ್ದೇನೆ.

ಏಜೆಂಟ್‌ಗೆ ಕೊಟ್ಟುಬಿಟ್ಟೆವು. ಹೌದು, ಅದೇ 4,500ಕ್ಕೆ. ನಗಬೇಡಿ. ನಾವೇ ಹೋಗೋಣ ಅಂತ ನಾನು ಹಟ ಹಿಡಿದದ್ದು ನಿಜ. ಆದರೆ ಗೃಹ ಇಲಾಖೆ ಇರುವುದು ತಿರುವನಂತಪುರದ ಸೆಕ್ರೆಟರಿಯೇಟಿನಲ್ಲಿ. ನಾವು ಕೇರಳದ ಈ ತುದಿ, ಅದು ಆ ತುದಿ. ವಂದೇ ಭಾರತ್ ಹತ್ತಿದರೂ 8 ಗಂಟೆ. ಟಿಕೆಟು, ಊಟ, ರೂಮು, ಇಬ್ಬರಿಗೆ, ಹೋಗಿ ಬರುವುದು, ಕೂಡಿಸಿ ನೋಡಿದೆ. ದೆಹಲಿಯ ಕೆಲಸಕ್ಕೂ ಸಚಿವಾಲಯದ ಕೌಂಟರಿಗೆ ನೇರ ಹೋಗಿ ಕೊಡುವ ಹಾಗಿಲ್ಲ, 2012ರಿಂದ ಅವರು ನೇಮಿಸಿದ ಏಜೆನ್ಸಿಗಳ ಮೂಲಕವೇ ಕೊಡಬೇಕು. ಹೊಟ್ಟೆಗೆ ಅಂತ ಹೇಳಿದ ಮಾತನ್ನು ಅರ್ಧ ವಾಪಸ್ ತೆಗೆದುಕೊಳ್ಳುತ್ತೇನೆ. ಅರ್ಧ ಮಾತ್ರ. ರಸೀದಿ ಕೊಡಿ ಅಂದಾಗ ಆ ಹುಡುಗ ಪೆನ್ನು ಹುಡುಕಿದ ರೀತಿ ನನಗೆ ಹಿಡಿಸಲಿಲ್ಲ.

ಕಾಯುವ ದಿನಗಳಲ್ಲಿ ತೆಗೆದ ಶಾಟ್‌ಗಳು ಇವು. ಅಂಗಳದಲ್ಲಿ ಅಡಿಕೆ. ಮಳೆ ಬಂದು ಎಲ್ಲರೂ ಓಡಿದ್ದು. ಇದು ನಮ್ಮ ಬೆಕ್ಕು, ಇದಕ್ಕೂ ವಿಷಯಕ್ಕೂ ಸಂಬಂಧ ಇಲ್ಲ.

ಬಂತು! ಕವರು ಬಂತು. ಎದುರು ಬದಿ ಇವನ ಲೈಸೆನ್ಸು, ನೋಟರಿ ಸೀಲು. ತಿರುಗಿಸಿದರೆ ಗೃಹ ಇಲಾಖೆಯ ಮೊಹರು, ಅಧಿಕಾರಿಯ ಸಹಿ, ಮತ್ತೆ ಇಗೋ ಆ ಸ್ಟಿಕ್ಕರ್. ಮೇಲೆ ಫ್ರೆಂಚಿನಲ್ಲಿ ಒಂದು ಸಾಲು ಉಂಟು, ಎಲ್ಲ ದೇಶದ ಅಪೊಸ್ಟಿಲ್‌ನಲ್ಲೂ ಅದು ಇರಲೇಬೇಕಂತೆ. ಕೆಳಗೆ ನಂಬರ್ ಹಾಕಿದ 10 ಸಾಲು. ಯಾವ ದೇಶ, ಯಾರ ಸಹಿ, ಅವರ ಹುದ್ದೆ ಏನು, ಯಾರ ಮೊಹರು, ಯಾವ ಊರಲ್ಲಿ, ಯಾವ ದಿನ, ಹೀಗೆ. ಇವನ ಡ್ರೈವಿಂಗ್ ಬಗ್ಗೆ, ನಾನು ಹೇಳಿದ ಹಾಗೆ, ಒಂದು ಅಕ್ಷರ ಇಲ್ಲ.

ನಿಮ್ಮದು ಬಂದಾಗ ಒಂದು ಕೆಲಸ ತಪ್ಪದೆ ಮಾಡಿ. ಸ್ಟಿಕ್ಕರಿನಲ್ಲಿರುವ ನಂಬರನ್ನು ಸಚಿವಾಲಯದ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ನಕಲಿ ಸ್ಟಿಕ್ಕರ್ ಅಂಟಿಸಿ ಕೊಡುವವರೂ ಇದ್ದಾರೆ, ಸಿಕ್ಕಿಬೀಳುವುದು ನೀವು, ಅದೂ ಪರದೇಶದಲ್ಲಿ. ನಂಬರನ್ನು ಬ್ಲರ್ ಮಾಡಿದ್ದೇನೆ, ಝೂಮ್ ಮಾಡಿ ಪ್ರಯೋಜನ ಇಲ್ಲ. ನಮ್ಮದು ಸರಿ ಇದೆ, ವಿವರ ಬಂತು. ಸ್ಕ್ಯಾನ್ ಮಾಡಿ ಕಂಪನಿಗೆ ಮೇಲ್ ಹಾಕಿ ಆಯಿತು. ಅರಬಿ ಅನುವಾದ ಅವರೇ ಅಲ್ಲಿ ಮಾಡಿಸುತ್ತಾರಂತೆ, ಆ ತಲೆಬಿಸಿ ನಮಗಿಲ್ಲ.

ಹಾಳೆ ಈಗ ಎಲ್ಲಿದೆ ಅಂತ ಮಾವನಿಗೆ ಹೇಳಿಲ್ಲ. ಕೇಳುತ್ತಿದ್ದಾರೆ.

ಮೆಡಿಕಲ್ ಟೆಸ್ಟಿನ ವಿಡಿಯೋ ಬೇರೆ ಮಾಡುತ್ತೇನೆ, ಅದರಲ್ಲಿ ಇವನು ಸೂಜಿ ನೋಡಿ... ಹಾಂ, ಬಂದೆ ಬಂದೆ. ಟ್ರೈಪಾಡ್ ಗೇಟಿಗೆ ಅಡ್ಡ ಇದೆಯಂತೆ, ಹಾರ್ನ್ ಹೊಡೆಯುತ್ತಿದ್ದಾನೆ.