ಬಾಡಿಗೆಯ ಫೇಟಿಯಾ, ದೀಪಾವಳಿಯ ತಾಂಡಾ

ನಮಸ್ಕಾರ. ಇದು ಶಿವಮೊಗ್ಗದ ಬಸ್ ನಿಲ್ದಾಣ, ಬೆಳಿಗ್ಗೆ ಆರೂವರೆ. ಶಿಕಾರಿಪುರದ ಬಸ್ಸಿಗೆ ಕಾಯುತ್ತಿದ್ದೇನೆ. ಹಬ್ಬದ ನೂಕುನುಗ್ಗಲು ಈ ವಿಡಿಯೊದಲ್ಲಿ ನಿಮಗೇ ಕಾಣುತ್ತಿದೆ. ನನ್ನ ತೊಡೆಯ ಮೇಲಿರುವ ಆ ದೊಡ್ಡ ಚೀಲದ ವಿಷಯ ಮೊದಲು ಹೇಳಿಬಿಡುತ್ತೇನೆ. ನಿನ್ನೆಯಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ.

ಅದರಲ್ಲಿ ಇರುವುದು ಫೇಟಿಯಾ, ಕಾಂಚಳಿ, ಛಾಂಟಿಯಾ. ಲಂಬಾಣಿ ಹೆಂಗಸರ ಲಂಗ, ರವಿಕೆ, ತಲೆಯ ಮೇಲಿನ ಹೊದಿಕೆ. ನಾನು ತಾಂಡಾದಲ್ಲಿ, ನಮ್ಮ ಲಂಬಾಣಿಗಳ ಊರಿನಲ್ಲಿ, ಹುಟ್ಟಿದವಳು. ಅಜ್ಜಿಯ ಫೇಟಿಯಾ ನನ್ನ ಪಾಲಿಗೆ ಬಂದಿದೆ, ಆದರೆ ಟ್ರಂಕಿನಲ್ಲಿ ಇಲಿ ಕಡಿದು ಸೊಂಟದ ಪಟ್ಟಿಯೇ ಹೋಗಿದೆ. ಆ ಕಸೂತಿ ಬಲ್ಲವರು ಎರಡು ತಿಂಗಳು ಬೇಕು ಎಂದರು. ಹಬ್ಬಕ್ಕೆ ಉಳಿದದ್ದು ನಾಲ್ಕು ದಿನ. ಕೊನೆಗೆ ಶಾಲೆಗಳ ವಾರ್ಷಿಕೋತ್ಸವಕ್ಕೆ ವೇಷಭೂಷಣ ಬಾಡಿಗೆ ಕೊಡುವ ಒಂದು ಅಂಗಡಿಗೆ ಹೋದೆ. ಕೃಷ್ಣನ ಕಿರೀಟ, ಓಬವ್ವನ ಸೀರೆ, ಅದರ ಪಕ್ಕದ ಮೊಳೆಗೆ ನೇತುಹಾಕಿದ ‘ಲಂಬಾಣಿ ಸೆಟ್’. ಎರಡು ದಿನಕ್ಕೆ 700 ರೂಪಾಯಿ, ಮುಂಗಡ 1,500. ಕನ್ನಡಿಯ ಜಾಗದಲ್ಲಿ ಹೊಳೆಯುವ ಪ್ಲಾಸ್ಟಿಕ್. ಕಸೂತಿಯ ಜಾಗದಲ್ಲಿ ಅಚ್ಚು ಹಾಕಿದ ಬಟ್ಟೆ. ಒಂದು ಕನ್ನಡಿ ಉದುರಿದರೆ ಮುಂಗಡದಲ್ಲಿ 50 ರೂಪಾಯಿ ಮುರಿದುಕೊಳ್ಳುತ್ತಾರಂತೆ. ಅಲ್ಲಿಯೇ ನಿಂತು ಎಣಿಸಿದೆ. ಹನ್ನೊಂದು ಕನ್ನಡಿ ಮೊದಲೇ ಇರಲಿಲ್ಲ. ಚೀಟಿಯಲ್ಲಿ ಅದನ್ನು ಬರೆದುಕೊಡಿ ಎಂದರೆ ಬರೆಯಲಿಲ್ಲ. ಫೋಟೋ ತೆಗೆದುಕೊಂಡಿದ್ದೇನೆ, ನೋಡಿ, ಇದೇ.

ದುಡ್ಡು ಹಾಳಾಗಲಿ. ಸೆಟ್ಟಿನ ಜೊತೆ ಘುಗರಿ ಮತ್ತು ಟೋಪ್ಲಿಯನ್ನೂ ಕಟ್ಟಿಟ್ಟಿದ್ದರು. ಕೂದಲಿಗೆ ಕಟ್ಟಿ ಕೆನ್ನೆಯ ಪಕ್ಕ ಇಳಿಬಿಡುವ ಒಡವೆ ಅದು, ಮದುವೆಯಾದವಳ ಗುರುತು. ನನಗೆ ಮದುವೆಯಾಗಿಲ್ಲ, ಇದನ್ನು ತೆಗೆದು ಬಾಡಿಗೆ ಕಡಿಮೆ ಮಾಡಿ ಎಂದೆ. ‘ಅದಿಲ್ಲದಿದ್ದರೆ ಲಂಬಾಣಿ ಎಂದು ಜನರಿಗೆ ಗೊತ್ತಾಗುವುದು ಹೇಗೆ?’ ಎಂದು ನನ್ನನ್ನೇ ಕೇಳಿದರು. ಯಾರದೋ ತಾಳಿಯನ್ನು ಮೊಳೆಗೆ ನೇತುಹಾಕಿ ದಿನಕ್ಕೆ ಇಷ್ಟು ಎಂದು ಬಾಡಿಗೆ ಕೊಟ್ಟರೆ ಊರು ಸುಮ್ಮನಿರುತ್ತದೆಯೇ? ನಾನು ಲಂಬಾಣಿಯವಳು ಎಂದು ಆಗ ಹೇಳಬೇಕಿತ್ತು. ಹೇಳಲಿಲ್ಲ. ದುಡ್ಡು ಎಣಿಸಿಕೊಟ್ಟು ಮೆಟ್ಟಿಲಿಳಿದೆ. ಆ ಮೌನಕ್ಕಾಗಿ ನನಗೆ ನನ್ನ ಮೇಲೆಯೇ ಸಿಟ್ಟು.

ಬಸ್ ಬಂತು. ಸೀಟು ಸಿಕ್ಕಿತು.

ಇದು ಸವಳಂಗದ ಕೆರೆ. ಮಂಜು ಇನ್ನೂ ನೀರಿನ ಮೇಲೆಯೇ ಮಲಗಿದೆ. ನಮ್ಮ ಲಂಬಾಣಿಗಳ ಸಂತ ಸೇವಾಲಾಲರ ಸೂರಗೊಂಡನಕೊಪ್ಪವೂ ಇದೇ ನ್ಯಾಮತಿ ತಾಲ್ಲೂಕಿನದು. ಫೆಬ್ರುವರಿಯ ಜಾತ್ರೆಗೆ ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕುಳಿತು ಹೋಗಿದ್ದೆ. ದೂಳು ಮತ್ತು ನಗಾರಿಯ ಸದ್ದು ಮಾತ್ರ ನೆನಪಿದೆ. ಹತ್ತು ವರ್ಷವಾದಾಗ ಅಪ್ಪನ ಕೆಲಸಕ್ಕಾಗಿ ಶಿವಮೊಗ್ಗಕ್ಕೆ ಬಂದೆವು. ಬಂದ ವರ್ಷವೇ ಭರತನಾಟ್ಯಕ್ಕೆ ಸೇರಿದೆ. ಈಗ ಹದಿನಾಲ್ಕು ವರ್ಷವಾಯಿತು. ತರಗತಿಯಲ್ಲಿ ನನ್ನ ಕನ್ನಡ ಎಷ್ಟು ಶುದ್ಧ ಎಂದು ಹೊಗಳುತ್ತಿದ್ದರು. ಜೊತೆಯವರ ಕನ್ನಡವನ್ನು ಯಾರೂ ಹಾಗೆ ಹೊಗಳುತ್ತಿರಲಿಲ್ಲ. ಇತ್ತ ತಾಂಡಾಕ್ಕೆ ಬಂದರೆ ನಾನು ಕೋರ್. ನಮ್ಮ ಮಾತಿನಲ್ಲಿ ನಾವು ಗೋರ್, ಹೊರಗಿನವರು ಕೋರ್. ಒಂದಕ್ಷರದ ವ್ಯತ್ಯಾಸ. ನಮ್ಮ ಮಾತಾದ ಗೋರ್ ಬೋಲಿಗೆ ಸ್ವಂತ ಲಿಪಿ ಇಲ್ಲ. ಅಜ್ಜಿಯ ಹಾಡುಗಳನ್ನು ನಾನು ಬರೆದಿಟ್ಟುಕೊಂಡಿರುವುದು ಕನ್ನಡ ಅಕ್ಷರಗಳಲ್ಲಿಯೇ. ಹಾಗಿರುವಾಗ ಕನ್ನಡವನ್ನು ಹೊರಗಿನದು ಎನ್ನಲು ನನಗೆ ಬಾಯಿ ಬರುವುದಿಲ್ಲ.

ವೆಂಕಟಲಕ್ಷಮ್ಮನವರ ಹೆಸರು ನೃತ್ಯ ಕಲಿಯುವವರಿಗೆಲ್ಲ ಗೊತ್ತು. ಜಟ್ಟಿ ತಾಯಮ್ಮನವರ ಶಿಷ್ಯೆ, 1939ರಲ್ಲಿ ಮೈಸೂರು ಅರಮನೆಯ ಆಸ್ಥಾನ ವಿದುಷಿ, 1992ರಲ್ಲಿ ಪದ್ಮಭೂಷಣ. ಪರೀಕ್ಷೆಗೆ ಇಷ್ಟನ್ನು ಬಾಯಿಪಾಠ ಮಾಡಿದ್ದೆ. ಹದಿನೇಳನೆಯ ವಯಸ್ಸಿನಲ್ಲಿ ಒಂದು ದಿನ ಅವರ ಹುಟ್ಟೂರಿನ ಹೆಸರು ಕಣ್ಣಿಗೆ ಬಿತ್ತು: ಕಡೂರಿನ ತಂಗಲಿ ತಾಂಡ್ಯ, 1906. ತಾಂಡ್ಯ! ಅವರು ಲಂಬಾಣಿ ಮನೆಯ ಮಗಳು. ಮೈಸೂರು ಶೈಲಿಯ ಅಭಿನಯ ಎಂದು ನಾವೆಲ್ಲ ಕೈಮುಗಿಯುವ ಕಲೆಯನ್ನು 2002ರಲ್ಲಿ ತೀರಿಕೊಳ್ಳುವವರೆಗೆ ಕಾಪಾಡಿದವರಲ್ಲಿ ಮೊದಲ ಸಾಲಿನವರು ನಮ್ಮ ತಾಂಡಾದ ಹೆಣ್ಣು. ಆ ರಾತ್ರಿ ಅಮ್ಮನನ್ನು ಎಬ್ಬಿಸಿ ಹೇಳಿದೆ. ಅಂದಿನಿಂದ ಅವರ ಫೋಟೋ ಕಂಡಾಗಲೆಲ್ಲ ಮೊದಲು ಕೈಗಳನ್ನು ನೋಡುತ್ತೇನೆ. ಯಾಡಿ ಎಂದು ಅಮ್ಮನನ್ನು ಕರೆದ ಬಾಯಿ, ಅರಮನೆಯಲ್ಲಿ ಪದದ ಹಾಡಿಗೆ ಅಭಿನಯಿಸುವಾಗ... ಶಿಕಾರಿಪುರ ಬಂತು, ಇಳಿಯಬೇಕು.

ತಾಂಡಾ. ಮನೆ, ಅಜ್ಜಿ, ಚಹಾ. ಚೀಲ ಬಿಚ್ಚಿದ ಕೂಡಲೇ ಅಜ್ಜಿ ಘುಗರಿಯನ್ನು ಎತ್ತಿ ಕಪಾಟಿನ ಮೇಲೆ, ನನ್ನ ಕೈಗೆ ಎಟುಕದಷ್ಟು ಒಳಗೆ ತಳ್ಳಿದರು. ಲಂಗದ ಪ್ಲಾಸ್ಟಿಕ್ಕನ್ನು ಉಗುರಿನಿಂದ ಕೆರೆದು ನೋಡಿದರು. ಬೈಯಲಿಲ್ಲ. ಹರಿದ ಹಳೆಯ ಫೇಟಿಯಾದಿಂದ ಒಂದು ಕಸೂತಿಯ ತುಂಡನ್ನು ಬಿಡಿಸಿ, ಬಾಡಿಗೆಯ ಲಂಗದ ಸೊಂಟಕ್ಕೆ ದೊಡ್ಡ ದೊಡ್ಡ ಹೊಲಿಗೆ ಹಾಕಿ ಕಟ್ಟಿದರು. ವಾಪಸು ಕೊಡುವಾಗ ಬಿಚ್ಚಿಕೊಳ್ಳುತ್ತೇನೆ. ಮುಂಗಡ ಮುರಿದರೆ ಮುರಿಯಲಿ.

ಈಗ ಸಂಜೆಯ ಕುಣಿತ. ದೃಶ್ಯ ಚೆನ್ನಾಗಿ ಬಂದಿಲ್ಲ, ಬರೀ ಬೆನ್ನುಗಳು ಕಾಣುತ್ತಿವೆ. ಸುತ್ತಲೂ ಓಡಾಡಿ ಪ್ರಯತ್ನಿಸಿದೆ, ಎಲ್ಲಿ ನಿಂತರೂ ಅಷ್ಟೇ. ನಮ್ಮ ಹೆಂಗಸರು ವೃತ್ತದಲ್ಲಿ ಒಳಮುಖವಾಗಿ ಕುಣಿಯುತ್ತಾರೆ. ಬಾಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಒಬ್ಬರ ಮುಖವನ್ನು ಒಬ್ಬರು ನೋಡುತ್ತಾರೆ. ನಾನು ಹದಿನಾಲ್ಕು ವರ್ಷ ಕಲಿತದ್ದು ಎದುರಿಗೆ ಕುಳಿತವರನ್ನು ನೋಡುವುದನ್ನು. ಕುವೆಂಪು ರಂಗಮಂದಿರದ ವೇದಿಕೆಯಲ್ಲಿ ಪ್ರೇಕ್ಷಕರಿಗೆ ಬೆನ್ನು ಹಾಕುವುದು ನನ್ನಿಂದ ಈಗಲೂ ಆಗದು.

ಭರತನಾಟ್ಯದ ಮೈ ತಾಂಡಾಕ್ಕೆ ಒಗ್ಗುವುದೇ ಇಲ್ಲ ಎಂದು ಬಸ್ಸಿನಲ್ಲಿ ಅಂದುಕೊಂಡಿದ್ದೆ. ಮೊದಲ ಸುತ್ತಿನಲ್ಲಿ ಹಾಗೆಯೇ ಆಯಿತು. ಮಂಡಿ ತಾನಾಗಿಯೇ ಅರ್ಧ ಬಾಗಿ ಅರೆಮಂಡಿಗೆ ಹೋಯಿತು, ಬೆನ್ನು ನೆಟ್ಟಗೆ ನಿಂತಿತು. ಪಕ್ಕದ ದೊಡ್ಡಮ್ಮ ನನ್ನ ಬೆನ್ನಿಗೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದರು. ಬಾಗಿದೆ. ಐದನೆಯ ಸುತ್ತಿಗೆ ಪಾದ ತಾಳ ಹಿಡಿಯಿತು, ಒಂದು ಪೆಟ್ಟೂ ತಪ್ಪಲಿಲ್ಲ. ಆ ಪಾದ ಪಳಗಿದ್ದು ಭರತನಾಟ್ಯದ ಮೊದಲ ಪಾಠವಾದ ತಟ್ಟಡವಿನಲ್ಲಿ. ದೊಡ್ಡಮ್ಮ ನನ್ನ ಪಾದವನ್ನೇ ನೋಡುತ್ತಿದ್ದರು. ಬಸ್ಸಿನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಕತ್ತಲಾಯಿತು. ಅಮಾವಾಸ್ಯೆಯ ಈ ರಾತ್ರಿ ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಹಾಡು ಹೇಳುತ್ತಾರೆ, ಆ ಮನೆಗೆ ಒಳಿತನ್ನು ಕೋರುತ್ತಾರೆ. ನಾಳೆ ಬೆಳಿಗ್ಗೆ ಹೂವಿಗೆ ಕಾಡಿಗೆ ಹೋಗುವುದೂ ಇವರೇ. ಮದುವೆಯಾದ ಮೇಲೆ ಇದು ಸಿಗುವುದಿಲ್ಲ, ಅದಕ್ಕೇ ಈ ವರ್ಷ ಹೇಗಾದರೂ ಬರಬೇಕು ಎಂದು ಹಟ ಹಿಡಿದದ್ದು. ದೀಪಕ್ಕೆ ಎರಡೂ ಕೈ ಬೇಕು, ಗಾಳಿ ಇದೆ. ಫೋನನ್ನು ಚಿಕ್ಕಪ್ಪನ ಮಗನ ಕೈಗೆ ಕೊಟ್ಟಿದ್ದೇನೆ. ಅವನಿಗೆ ಒಂಬತ್ತು ವರ್ಷ, ಹಾಗಾಗಿ ಮುಂದೆ ಕಾಣುವುದೆಲ್ಲ ಸೊಂಟದ ಎತ್ತರದಲ್ಲಿದೆ. ಎಡಗಡೆಯಿಂದ ಮೂರನೆಯವಳು ನಾನು, ಸೊಂಟದಲ್ಲಿ ಅಜ್ಜಿಯ ಹೊಲಿಗೆ ಇರುವವಳು. ಮೊದಲ ಮನೆಯ ಬಾಗಿಲು ತೆರೆದಿದೆ.