ಕಡತ ಸಾಗಣೆಯ ಸರ್ವರುಗಳಲ್ಲಿ ಹೊರೆಯ ಹಂಚಿಕೆ

ಕೇಳುಗರಿಗೆ ನಮಸ್ಕಾರ.

ತಿಂಗಳ ಕೊನೆಯ ದಿನ ಸಂಜೆ ಬೆಂಗಳೂರಿನಿಂದ ಹೊರಡುವ ಕಡತಗಳನ್ನೆಲ್ಲ ಒಂದೆಡೆ ಕುಳಿತು ನೋಡುವಂತಿದ್ದರೆ, ಈ ಊರಿನ ಬಹುಪಾಲು ವ್ಯವಹಾರ ಅದರಲ್ಲೇ ಕಾಣಿಸೀತು. ಪೀಣ್ಯದ ಕಾರ್ಖಾನೆಗಳ ಸಂಬಳದ ಪಟ್ಟಿಗಳು ಬ್ಯಾಂಕುಗಳಿಗೆ ಹೋಗುತ್ತವೆ. ಪತ್ರಿಕೆಗಳ ಪುಟಗಳು ಹುಬ್ಬಳ್ಳಿ, ಮಂಗಳೂರು, ಕಲಬುರಗಿಗಳ ಮುದ್ರಣಾಲಯಗಳಿಗೆ ಹೋಗುತ್ತವೆ. ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ರೂಪುಗೊಂಡ ಚಿಪ್‌ಗಳ ವಿನ್ಯಾಸಗಳು ಕಡಲಾಚೆಯ ತಯಾರಕರನ್ನು ಸೇರುತ್ತವೆ. ಇವುಗಳಲ್ಲಿ ಹೆಚ್ಚಿನವು ಮಿಂಚಂಚೆಯಲ್ಲಿ ಹೋಗುವುದಿಲ್ಲ. ಕಡತಗಳನ್ನು ಕೊಡುವುದಕ್ಕೂ ಕೊಳ್ಳುವುದಕ್ಕೂ ಮೀಸಲಾದ ಸರ್ವರುಗಳ ಮೂಲಕ, ಎಫ್‌ಟಿಪಿ ಅಥವಾ ಎಸ್‌ಎಫ್‌ಟಿಪಿ ಎಂಬ ನಿಯಮಾವಳಿಗಳ ಪ್ರಕಾರ, ಬಹುತೇಕ ಮನುಷ್ಯರ ಕೈ ಸೋಕದೆಯೇ ಸಾಗುತ್ತವೆ. ಒಂದು ಸರ್ವರ್ ಸಾಲದಾದಾಗ ಎರಡನ್ನೋ ನಾಲ್ಕನ್ನೋ ಇಟ್ಟು, ಅವುಗಳ ಮುಂದೆ ಲೋಡ್ ಬ್ಯಾಲೆನ್ಸರ್ ಒಂದನ್ನು ನಿಲ್ಲಿಸಿ, ಬರುವ ಹೊರೆಯನ್ನು ಹಂಚುವ ಕೆಲಸ ಹೇಗೆ ನಡೆಯುತ್ತದೆ, ಅದು ಎಲ್ಲಿ ಕೆಡುತ್ತದೆ ಎಂಬುದೇ ಇಂದಿನ ವಿಷಯ.

ಎಫ್‌ಟಿಪಿಯ ಮೊದಲ ಕರಡನ್ನು ಬರೆದವರು ಅಭಯ್ ಭೂಷಣ್. ಕಾನ್ಪುರದ ಐಐಟಿಯ ಮೊದಲ ತಂಡದಲ್ಲಿ ಓದಿ 1965ರಲ್ಲಿ ಪದವಿ ಪಡೆದ ಅವರು, ಅಮೆರಿಕದ ಎಂಐಟಿಯಲ್ಲಿದ್ದಾಗ 1971ರ ಏಪ್ರಿಲ್ 16ರಂದು ಅದನ್ನು ಆರ್‌ಎಫ್‌ಸಿ 114 ಎಂಬ ದಾಖಲೆಯಾಗಿ ಹೊರತಂದರು. ಇಂದಿಗೂ ಆಧಾರವಾಗಿರುವ ರೂಪ 1985ರ ಅಕ್ಟೋಬರಿನ ಆರ್‌ಎಫ್‌ಸಿ 959. ಆ ಕಾಲದಲ್ಲಿ ಒಂದು ಹೆಸರಿನ ಹಿಂದೆ ಒಂದೇ ಯಂತ್ರ ಇರುತ್ತಿತ್ತು. ಒಂದೇ ಹೆಸರಿನ ಹಿಂದೆ ಹಲವು ಯಂತ್ರಗಳು ಅಡಗಿ ನಿಂತು ಉತ್ತರ ಕೊಡುವ ಏರ್ಪಾಟು ಆ ನಿಯಮಾವಳಿಯ ಕಲ್ಪನೆಯಲ್ಲಿಯೇ ಇರಲಿಲ್ಲ. ನಾವು ಇಂದು ಎದುರಿಸುವ ತೊಡಕುಗಳಲ್ಲಿ ಅನೇಕವು ಇಲ್ಲಿಂದಲೇ ಹುಟ್ಟಿದವು.

ವೆಬ್ ಪುಟವನ್ನು ತರಿಸಿಕೊಳ್ಳುವಾಗ ಸಾಮಾನ್ಯವಾಗಿ ಒಂದು ಕೋರಿಕೆ ಹೋಗುತ್ತದೆ, ಒಂದು ಉತ್ತರ ಬರುತ್ತದೆ. ಮುಂದಿನ ಕೋರಿಕೆ ಬೇರೆ ಸರ್ವರಿಗೆ ಹೋದರೂ ಅಷ್ಟಾಗಿ ಬಾಧಕವಿಲ್ಲ. ಎಫ್‌ಟಿಪಿ ಹಾಗಲ್ಲ. ಅದರಲ್ಲಿ ಎರಡು ಸಂಪರ್ಕಗಳಿವೆ. 21ನೆಯ ಪೋರ್ಟಿನಲ್ಲಿ, ಅಂದರೆ ಯಂತ್ರದ 21ನೆಯ ಸಂಖ್ಯೆಯ ಬಾಗಿಲಿನಲ್ಲಿ, ತೆರೆದುಕೊಳ್ಳುವ ಮೊದಲನೆಯದು ಆಜ್ಞೆಗಳಿಗೆ ಮಾತ್ರ ಮೀಸಲು. ಕಡತ ಹರಿಯುವುದು ಎರಡನೆಯ ಸಂಪರ್ಕದಲ್ಲಿ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಪ್ಯಾಸಿವ್ ವಿಧಾನದಲ್ಲಿ, ಎರಡನೆಯ ಸಂಪರ್ಕಕ್ಕೆ ಎಲ್ಲಿಗೆ ಬರಬೇಕೆಂದು ಸರ್ವರೇ ಆರು ಸಂಖ್ಯೆಗಳಲ್ಲಿ ತಿಳಿಸುತ್ತದೆ. ಮೊದಲ ನಾಲ್ಕು ಅದರ ಐಪಿ ವಿಳಾಸ. ಕೊನೆಯ ಎರಡು ಪೋರ್ಟು. ಕೊನೆಯ ಎರಡು 195 ಮತ್ತು 80 ಎಂದಿದ್ದರೆ, 195ನ್ನು 256ರಿಂದ ಗುಣಿಸಿ 80 ಕೂಡಿಸಬೇಕು. ಪೋರ್ಟ್ 50000 ಎಂದಾಗುತ್ತದೆ.

ಇದರ ಮಧ್ಯೆ ಲೋಡ್ ಬ್ಯಾಲೆನ್ಸರ್ ನಿಂತಾಗ ಏನಾಗುತ್ತದೆ ನೋಡಿ. ಹಿಂದಿರುವ ಸರ್ವರ್ ತನ್ನ ಒಳಜಾಲದ ವಿಳಾಸವನ್ನು ಹೇಳಿಬಿಡುತ್ತದೆ. ಹೊರಗಿನವರಿಗೆ ಆ ವಿಳಾಸ ಎಟುಕುವುದಿಲ್ಲ. ಬ್ಯಾಲೆನ್ಸರಿನ ಹೊರವಿಳಾಸವನ್ನೇ ಹೇಳುವಂತೆ ಅದನ್ನು ತಿದ್ದಿದರೆ, ಎರಡನೆಯ ಸಂಪರ್ಕವೇನೋ ಬ್ಯಾಲೆನ್ಸರಿಗೆ ಬರುತ್ತದೆ. ಆದರೆ ಬ್ಯಾಲೆನ್ಸರ್ ಅದನ್ನು ಹೊಸ ಗಿರಾಕಿಯೆಂದು ತಿಳಿದು ಮತ್ತೊಂದು ಸರ್ವರಿಗೆ ಕಳುಹಿಸಿದರೆ, ಅಲ್ಲಿ ಆ ಪೋರ್ಟಿನಲ್ಲಿ ಕಾದಿರುವವರು ಯಾರೂ ಇಲ್ಲ. ಬಳಕೆದಾರರಿಗೆ ಕಾಣುವ ಲಕ್ಷಣ ವಿಚಿತ್ರವಾದದ್ದು: ಲಾಗಿನ್ ಸರಿಯಾಗಿ ಆಗುತ್ತದೆ, ಪಾಸ್‌ವರ್ಡ್ ಒಪ್ಪಿಗೆಯಾಗುತ್ತದೆ, ಕಡತಗಳ ಪಟ್ಟಿ ಕೇಳಿದ ಕ್ಷಣ ಎಲ್ಲವೂ ಸ್ತಬ್ಧವಾಗುತ್ತದೆ.

ಆಜ್ಞೆಗಳ ಸಂಪರ್ಕವನ್ನು ಓದಿ, ಆ ಆರು ಸಂಖ್ಯೆಗಳನ್ನು ದಾರಿಯಲ್ಲೇ ತಿದ್ದುವ ಬ್ಯಾಲೆನ್ಸರುಗಳಿವೆ. ಲಿನಕ್ಸಿನ ವರ್ಚುವಲ್ ಸರ್ವರ್ ವ್ಯವಸ್ಥೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ಮಾಡ್ಯೂಲ್ ಇದೆ. ಆದರೆ ಆಜ್ಞೆಗಳ ಸಂಪರ್ಕವನ್ನು ಗೂಢಲಿಪಿಯಲ್ಲಿ ಮುಚ್ಚುವ ಎಫ್‌ಟಿಪಿಎಸ್ ಬಂದ ಮೇಲೆ ಮಧ್ಯದಲ್ಲಿರುವವರಿಗೆ ಓದಲು ಏನೂ ಉಳಿಯಲಿಲ್ಲ. ಹಾಗೆ ಆಗಬೇಕಾದದ್ದೇ ಸರಿ. ನನ್ನ ದೃಷ್ಟಿಯಲ್ಲಿ ಗಟ್ಟಿಯಾಗಿ ನಿಲ್ಲುವ ಉಪಾಯ ಬಹಳ ಸರಳವಾದದ್ದು: ಪ್ರತಿ ಸರ್ವರಿಗೂ ಬೇರೆಬೇರೆ ಪೋರ್ಟುಗಳ ಸಾಲನ್ನು ಬರೆದುಕೊಡುವುದು. ಮೊದಲನೆಯದಕ್ಕೆ 50000ದಿಂದ 50099, ಎರಡನೆಯದಕ್ಕೆ 50100ರಿಂದ 50199, ಹೀಗೆ. ಎಲ್ಲ ಸರ್ವರುಗಳೂ ಹೊರಗಿನ ಒಂದೇ ವಿಳಾಸವನ್ನು ಹೇಳಲಿ; ಬ್ಯಾಲೆನ್ಸರ್ ಪೋರ್ಟನ್ನು ನೋಡಿಯೇ ಆ ಸಂಪರ್ಕ ಯಾರಿಗೆ ಸೇರಿದ್ದೆಂದು ಅರಿತು ಅವರಲ್ಲಿಗೇ ಕಳುಹಿಸಲಿ. ಇಲ್ಲಿ ಯಾರ ಮಾತನ್ನೂ ಕದ್ದು ಓದಬೇಕಾಗಿಲ್ಲ.

ಎಸ್‌ಎಫ್‌ಟಿಪಿಗೆ ಈ ತೊಂದರೆ ಇಲ್ಲ. ಹೆಸರು ಹತ್ತಿರವಿದ್ದರೂ ಅದು ಬೇರೆಯೇ ಕುಲದ್ದು. 22ನೆಯ ಪೋರ್ಟಿನಲ್ಲಿ, ದೂರದ ಯಂತ್ರದೊಡನೆ ಗೂಢಲಿಪಿಯಲ್ಲಿ ಮಾತಾಡುವ ನಿಯಮಾವಳಿಯಾದ ಎಸ್‌ಎಸ್‌ಎಚ್‌ನ ಒಂದೇ ಸಂಪರ್ಕದೊಳಗೆ ಆಜ್ಞೆಯೂ ಕಡತವೂ ಸಾಗುತ್ತವೆ. ಆದ್ದರಿಂದ ಅದನ್ನು ಹಂಚುವುದು ಸುಲಭ ಎಂಬ ಭಾವನೆ ಇದೆ. ಸಂಪರ್ಕವನ್ನು ಹಂಚುವುದು ಸುಲಭ, ನಂಬಿಕೆಯನ್ನು ಹಂಚುವುದು ಕಷ್ಟ. ಎಸ್‌ಎಸ್‌ಎಚ್ ಸರ್ವರಿಗೆ ತನ್ನದೇ ಗುರುತಿನ ಕೀಲಿ ಇರುತ್ತದೆ. ಮೊದಲ ಭೇಟಿಯಲ್ಲಿ ಗಿರಾಕಿಯ ಯಂತ್ರ ಅದನ್ನು ಬರೆದಿಟ್ಟುಕೊಂಡು, ಮುಂದಿನ ಪ್ರತಿ ಭೇಟಿಯಲ್ಲೂ ತಾಳೆ ನೋಡುತ್ತದೆ. ಹಿಂದಿನ ನಾಲ್ಕು ಸರ್ವರುಗಳಿಗೆ ನಾಲ್ಕು ಕೀಲಿಗಳಿದ್ದರೆ, ನಿನ್ನೆ ಒಂದನ್ನು ಕಂಡವರಿಗೆ ಇಂದು ಇನ್ನೊಂದು ಕಾಣುತ್ತದೆ. ಯಾರೋ ನಡುವೆ ನುಸುಳಿರಬಹುದೆಂಬ ಎಚ್ಚರಿಕೆಯೊಡನೆ ಕೆಲಸ ನಿಲ್ಲುತ್ತದೆ. ರಾತ್ರಿ ತಾನಾಗಿ ಓಡುವ ಸ್ಕ್ರಿಪ್ಟಿಗೆ ಆ ಎಚ್ಚರಿಕೆಯನ್ನು ಓದುವವರು ಯಾರೂ ಇರುವುದಿಲ್ಲ. ಬೆಳಗಾದ ಮೇಲೆ ಸಂಬಳದ ಪಟ್ಟಿ ಬಂದಿಲ್ಲವೆಂಬ ದೂರು ಮಾತ್ರ ಬರುತ್ತದೆ.

ಇಂಥ ಸಂದರ್ಭದಲ್ಲಿ ಗಿರಾಕಿಗಳಿಗೆ, ಆ ತಪಾಸಣೆಯನ್ನೇ ತೆಗೆದುಹಾಕಿ ಎಂದು ಸಲಹೆ ಕೊಡುವವರಿದ್ದಾರೆ. ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಸರ್ವರ್ ನಿಜವಾದದ್ದೇ ಎಂದು ತಿಳಿಯಲು ಗಿರಾಕಿಯ ಬಳಿ ಇರುವ ಆಧಾರ ಅದೊಂದೇ. ನಮ್ಮ ಅನುಕೂಲಕ್ಕಾಗಿ ಅದನ್ನು ಅವರಿಂದ ಕಸಿದುಕೊಳ್ಳಬಾರದು. ಒಂದೇ ಹೆಸರಿನಲ್ಲಿ ಉತ್ತರಿಸುವ ಎಲ್ಲ ಸರ್ವರುಗಳಲ್ಲೂ ಒಂದೇ ಕೀಲಿಗಳನ್ನು ಇಡಬೇಕು, ಅವನ್ನು ಬದಲಿಸುವುದಿದ್ದರೆ ಗಿರಾಕಿಗಳಿಗೆ ಮುಂಚಿತವಾಗಿ ತಿಳಿಸಬೇಕು.

ಇನ್ನು ಹಂಚುವ ಲೆಕ್ಕ. ಸರದಿಯಂತೆ ಒಬ್ಬೊಬ್ಬರಿಗೆ ಒಂದೊಂದು ಎಂಬ ರೌಂಡ್ ರಾಬಿನ್ ಪದ್ಧತಿ ಎಲ್ಲರಿಗೂ ಮೊದಲು ಹೊಳೆಯುವಂಥದ್ದು. ಯಶವಂತಪುರದ ಎಪಿಎಂಸಿ ಯಾರ್ಡಿಗೆ ಬರುವ ವಾಹನಗಳನ್ನು ಹೀಗೆ ಸರದಿಯಲ್ಲಿ ಮಂಡಿಗಳಿಗೆ ಕಳುಹಿಸಿದರೆ, ಒಂದು ಮಂಡಿಯ ಮುಂದೆ ಈರುಳ್ಳಿ ತುಂಬಿದ ಲಾರಿಗಳೇ ನಿಂತು, ಇನ್ನೊಂದರ ಮುಂದೆ ಎರಡು ಮೂಟೆಯ ಗೂಡ್ಸ್ ಆಟೋಗಳೇ ಬಂದುಹೋಗುವ ಸಾಧ್ಯತೆ ಇದೆ. ವಾಹನಗಳ ಎಣಿಕೆ ಸಮನಾಗಿದ್ದರೂ ಹಮಾಲರ ದುಡಿಮೆ ಸಮನಾಗಿರುವುದಿಲ್ಲ. ಕಡತಗಳೂ ಹಾಗೆಯೇ. ಒಂದು ಸಂಬಳದ ಪಟ್ಟಿ ಕೆಲವು ಕಿಲೋಬೈಟು. ಒಂದು ಚಿಪ್‌ನ ವಿನ್ಯಾಸ ಹತ್ತು ಗಿಗಾಬೈಟನ್ನು ದಾಟಬಹುದು. ಸೆಕೆಂಡಿಗೆ 1 ಗಿಗಾಬಿಟ್ ಸಾಮರ್ಥ್ಯದ ತಂತಿ ಪೂರ್ತಿ ತುಂಬಿ ಹರಿದರೂ ಸೆಕೆಂಡಿಗೆ ಸಾಗುವುದು 125 ಮೆಗಾಬೈಟು. ಹತ್ತು ಗಿಗಾಬೈಟಿಗೆ 80 ಸೆಕೆಂಡು. 100 ಮೆಗಾಬಿಟ್ಟಿನ ತಂತಿಯಾದರೆ 800 ಸೆಕೆಂಡು, ಅಂದರೆ ಹದಿಮೂರು ನಿಮಿಷಕ್ಕೂ ಹೆಚ್ಚು. ಆದ್ದರಿಂದ ದೀರ್ಘಕಾಲ ಉಳಿಯುವ ಇಂಥ ಸಂಪರ್ಕಗಳಿಗೆ, ಈ ಕ್ಷಣದಲ್ಲಿ ಯಾರಲ್ಲಿ ಕಡಿಮೆ ಸಂಪರ್ಕಗಳಿವೆಯೋ ಅವರಿಗೆ ಕೊಡುವ ಪದ್ಧತಿ ವಾಸಿ. ಅದೂ ಪರಿಪೂರ್ಣವಲ್ಲ: ಈಗತಾನೇ ಎದ್ದ ಸರ್ವರಿನಲ್ಲಿ ಸಂಪರ್ಕಗಳು ಸೊನ್ನೆ ಇರುವುದರಿಂದ ಹೊಸಬರೆಲ್ಲ ಒಮ್ಮೆಲೇ ಅದರ ಮೇಲೆ ಬೀಳುತ್ತಾರೆ, ಅದರ ಪಾಲನ್ನು ನಿಧಾನವಾಗಿ ಏರಿಸುವ ಸೌಲಭ್ಯವನ್ನು ಬಳಸಲೇಬೇಕು. ಗಿರಾಕಿಯ ವಿಳಾಸವನ್ನು ನೋಡಿ ಸರ್ವರನ್ನು ಗೊತ್ತುಮಾಡುವ ಪದ್ಧತಿಯೂ ಇದೆ. ಆದರೆ ವೈಟ್‌ಫೀಲ್ಡಿನ ಒಂದು ದೊಡ್ಡ ಕಚೇರಿಯ ಸಾವಿರಾರು ಯಂತ್ರಗಳು ಹೊರಜಗತ್ತಿಗೆ ಒಂದೇ ವಿಳಾಸವಾಗಿ ಕಾಣುವುದುಂಟು. ಆಗ ಅವೆಲ್ಲದರ ಹೊರೆಯೂ ಒಂದೇ ಸರ್ವರಿನ ತಲೆಗೆ ಬರುತ್ತದೆ.

ಹದಿಮೂರು ನಿಮಿಷದ ಆ ಸಾಗಣೆಯನ್ನು ಇನ್ನೂ ಸ್ವಲ್ಪ ಗಮನಿಸೋಣ. ಎಫ್‌ಟಿಪಿಯಲ್ಲಿ ಕಡತ ಹರಿಯುತ್ತಿರುವಷ್ಟು ಹೊತ್ತೂ ಆಜ್ಞೆಗಳ ಸಂಪರ್ಕ ಮೌನವಾಗಿರುತ್ತದೆ. ಮಾತಿಲ್ಲದ ಸಂಪರ್ಕವನ್ನು ಸತ್ತದ್ದೆಂದು ತಿಳಿದು ಕೈಬಿಡುವುದು ಬ್ಯಾಲೆನ್ಸರಿನ ಸ್ವಭಾವ. ಅಮೆಜಾನಿನ ನೆಟ್‌ವರ್ಕ್ ಲೋಡ್ ಬ್ಯಾಲೆನ್ಸರಿನಲ್ಲಿ ಟಿಸಿಪಿ ಸಂಪರ್ಕಕ್ಕೆ ಈ ಅವಧಿ, ಬದಲಿಸದಿದ್ದರೆ, 350 ಸೆಕೆಂಡು. ಇತ್ತ ಲಿನಕ್ಸ್ ಯಂತ್ರ ತನ್ನ ಮೌನ ಸಂಪರ್ಕ ಬದುಕಿದೆಯೇ ಎಂದು ವಿಚಾರಿಸುವುದಕ್ಕೆ ರೂಢಿಯಂತೆ 7200 ಸೆಕೆಂಡು, ಎಂದರೆ ಎರಡು ಗಂಟೆ ಕಾಯುತ್ತದೆ. ಫಲವೇನೆಂದರೆ, ಕಡತ ಪೂರ್ತಿಯಾಗಿ ತಲುಪುತ್ತದೆ. ಆದರೆ ತಲುಪಿತು ಎಂಬ 226ರ ಉತ್ತರ ಗಿರಾಕಿಗೆ ಸಿಗುವುದಿಲ್ಲ. ಸೋತೆನೆಂದು ತಿಳಿದ ಸ್ಕ್ರಿಪ್ಟ್ ಅದೇ ಹತ್ತು ಗಿಗಾಬೈಟನ್ನು ಮತ್ತೆ ಕಳುಹಿಸಲು ತೊಡಗುತ್ತದೆ. ಹೊರೆಯನ್ನು ಇಳಿಸಲೆಂದು ಇಟ್ಟ ವ್ಯವಸ್ಥೆಯೇ ಹೊರೆಯನ್ನು ಹೀಗೆ ಇಮ್ಮಡಿಗೊಳಿಸುತ್ತದೆ. ವಿಚಾರಣೆಯ ಅವಧಿಯನ್ನು ಬ್ಯಾಲೆನ್ಸರಿನ ಅವಧಿಗಿಂತ ಸಾಕಷ್ಟು ಕಡಿಮೆ ಮಾಡಿಡುವುದು ಒಂದು ಸಾಲಿನ ಕೆಲಸ. ಅದನ್ನು ಮಾಡದೆ ಹೋದ ಎಷ್ಟೋ ಕಡೆ ವರ್ಷಗಟ್ಟಲೆ ನೆಟ್‌ವರ್ಕನ್ನೇ ದೂರುತ್ತಿರುತ್ತಾರೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಕಡತಗಳು ಇರುವ ಜಾಗದ್ದು. ಬೆಳಿಗ್ಗೆ ಒಂದು ಸರ್ವರಿನಲ್ಲಿ ಇಟ್ಟ ಕಡತವನ್ನು ಸಂಜೆ ಇನ್ನೊಂದು ಸರ್ವರಿನಲ್ಲಿ ಕೇಳಿದಾಗಲೂ ಅದು ಸಿಗಬೇಕು. ಅರ್ಧಕ್ಕೆ ನಿಂತ ಸಾಗಣೆಯನ್ನು ಮುಂದುವರಿಸಲು ಬಂದಾಗ ಆ ಅರ್ಧ ಕಣ್ಣಿಗೆ ಬೀಳಬೇಕು. ಇದಕ್ಕೆ ಎಲ್ಲ ಸರ್ವರುಗಳ ಹಿಂದೆ ಹಂಚಿಕೊಂಡ ಸಂಗ್ರಹ ಬೇಕು. ಒಂದು ಯಂತ್ರದ ಡಿಸ್ಕನ್ನು ಉಳಿದವು ಜಾಲದ ಮೂಲಕ ಬಳಸುವಂತೆ ಮಾಡುವ ಎನ್‌ಎಫ್‌ಎಸ್ ಹಳೆಯ ದಾರಿ. ಹಲವು ಯಂತ್ರಗಳ ಡಿಸ್ಕುಗಳನ್ನು ಕೂಡಿಸಿ ಒಂದಾಗಿ ತೋರಿಸುವ ಗ್ಲಸ್ಟರ್‌ಎಫ್‌ಎಸ್ ಇನ್ನೊಂದು. 2011ರಲ್ಲಿ ರೆಡ್ ಹ್ಯಾಟ್ ಕಂಪನಿ ಕೊಂಡುಕೊಂಡ ಈ ತಂತ್ರಾಂಶವನ್ನು ಬೆಳೆಸಿದ್ದರಲ್ಲಿ ಬೆಂಗಳೂರಿನ ಎಂಜಿನಿಯರುಗಳ ಪಾಲು ದೊಡ್ಡದೆಂಬುದನ್ನು ಇಲ್ಲಿ ಸಂತೋಷದಿಂದ ನೆನೆಯುತ್ತೇನೆ. ಆದರೆ ಮುಂದೆ ಆರು ಸರ್ವರುಗಳನ್ನಿಟ್ಟು ಹಿಂದೆ ಒಂದೇ ಎನ್‌ಎಫ್‌ಎಸ್ ಯಂತ್ರವನ್ನು ಬಿಟ್ಟರೆ, ಇಕ್ಕಟ್ಟು ಮುಂಬಾಗಿಲಿನಿಂದ ಹಿತ್ತಲಿಗೆ ಹೋಗಿರುತ್ತದೆ, ಅಷ್ಟೆ. ಬಳಕೆದಾರರ ಗುರುತಿನ ಸಂಖ್ಯೆಗಳು ಎಲ್ಲ ಸರ್ವರುಗಳಲ್ಲೂ ಒಂದೇ ಆಗಿರಬೇಕು. ಇಲ್ಲವಾದರೆ ಒಬ್ಬರ ಕಡತ ಇನ್ನೊಬ್ಬರ ಹೆಸರಿನಲ್ಲಿ ಕಾಣುತ್ತದೆ. ಹೊಸ ಕಡತ ಬಂತೇ ಎಂದು ಕಾದುನೋಡುವ ಇನೋಟಿಫೈ ಸೌಲಭ್ಯ, ಎನ್‌ಎಫ್‌ಎಸ್‌ನ ಮೇಲೆ ಮತ್ತೊಂದು ಯಂತ್ರ ಬರೆದದ್ದನ್ನು ತಿಳಿಸುವುದಿಲ್ಲ. ಬರುತ್ತಿರುವ ಕಡತವನ್ನು ತಾತ್ಕಾಲಿಕ ಹೆಸರಿನಲ್ಲಿ ಇಳಿಸಿಕೊಂಡು, ಮುಗಿದ ಮೇಲೆ ನಿಜವಾದ ಹೆಸರಿಗೆ ಬದಲಿಸುವ ಶಿಸ್ತು ಇಲ್ಲಿ ತುಂಬ ಬೆಲೆಯುಳ್ಳದ್ದು. ಅದಿಲ್ಲದೆ ಹೋದರೆ ಅರ್ಧ ಬಂದ ಸಂಬಳದ ಪಟ್ಟಿಯನ್ನೇ ಪೂರ್ತಿ ಪಟ್ಟಿಯೆಂದು ಓದಿ ಯಾರಾದರೂ ಮುಂದಕ್ಕೆ ಕಳುಹಿಸಿಬಿಡಬಹುದು. ಬ್ಯಾಲೆನ್ಸರನ್ನು ಆರಿಸುವುದಕ್ಕೆ ವಾರಗಟ್ಟಲೆ ಸಭೆ ನಡೆಸುವ ಕಚೇರಿಗಳು ಈ ಹಿಂದಿನ ವ್ಯವಸ್ಥೆಗೆ ಅದರ ಅರ್ಧದಷ್ಟಾದರೂ ಹೊತ್ತು ಕೊಡಬೇಕೆಂದು ನನ್ನ ಒತ್ತಾಯ. ಹಿಂದಿನ ಸರ್ವರುಗಳೆಲ್ಲ ಗಿರಾಕಿಗೆ ಒಂದೇ ಆಗಿ ಕಾಣುವವರೆಗೆ ಮುಂದಿನ ಹಂಚಿಕೆ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಸರ್ವರ್ ಬದುಕಿದೆಯೇ ಎಂದು ಬ್ಯಾಲೆನ್ಸರ್ ಆಗಾಗ ಪರೀಕ್ಷಿಸುತ್ತದೆ. ಪೋರ್ಟ್ ತೆರೆದಿದೆಯೇ ಎಂದಷ್ಟೇ ನೋಡಿದರೆ, ಡಿಸ್ಕ್ ತುಂಬಿ ಒಂದು ಅಕ್ಷರವನ್ನೂ ಬರೆಯಲಾಗದ ಸರ್ವರ್ ಕೂಡ ಆರೋಗ್ಯವಾಗಿಯೇ ಕಾಣುತ್ತದೆ. ಲಾಗಿನ್ ಆಗಿ, ಚಿಕ್ಕದೊಂದು ಕಡತವನ್ನು ಬರೆದು, ಓದಿ, ಅಳಿಸುವ ಪರೀಕ್ಷೆಯೇ ನಂಬತಕ್ಕದ್ದು. ಇದಕ್ಕೆ ಇನ್ನೊಂದು ಕಾರಣವೂ ಇದೆ. ಗುರುತು ಹೇಳದೆ ಬಂದುಹೋಗುವ ವಿಳಾಸಗಳನ್ನು ಸ್ವಲ್ಪ ಹೊತ್ತು ಹೊರಗಿಡುವ ಏರ್ಪಾಟು ಎಸ್‌ಎಸ್‌ಎಚ್ ಸರ್ವರಿನ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಚ್‌ನ 2024ರ 9.8ನೆಯ ಆವೃತ್ತಿಯಲ್ಲಿ ಬಂದಿದೆ, ತಾನಾಗಿಯೇ ಚಾಲ್ತಿಯಲ್ಲೂ ಇರುತ್ತದೆ. ಬರೀ ಕದ ತಟ್ಟಿ ಹೋಗುವ ಬ್ಯಾಲೆನ್ಸರ್ ಇದಕ್ಕೆ ಸಿಕ್ಕಿಬೀಳಬಹುದು. ಗಿರಾಕಿಗಳೆಲ್ಲ ಬ್ಯಾಲೆನ್ಸರಿನ ವಿಳಾಸದಿಂದಲೇ ಬಂದಂತೆ ಕಾಣುವ ಕಡೆ, ಒಬ್ಬರ ತಪ್ಪು ಪಾಸ್‌ವರ್ಡಿಗೆ ಎಲ್ಲರೂ ಹೊರಗುಳಿಯಬಹುದು. ಅಂಥ ಕಡೆ ಆ ವಿಳಾಸಕ್ಕೆ ವಿನಾಯಿತಿ ಬರೆಯಬೇಕು. ಅದಕ್ಕಿಂತ ಮೇಲು, ಗಿರಾಕಿಯ ನಿಜವಾದ ವಿಳಾಸ ಸರ್ವರಿಗೆ ಕಾಣುವಂತೆ ಜಾಲವನ್ನು ಕಟ್ಟುವುದು. ಯಾರು ಎಲ್ಲಿಂದ ಬಂದರೆಂಬ ದಾಖಲೆ ತನಿಖೆಯ ದಿನ ಬೇಕಾಗುತ್ತದೆ.

ಕಡೆಯದಾಗಿ, ದುರಸ್ತಿಗೆಂದು ಒಂದು ಸರ್ವರನ್ನು ಸಾಲಿನಿಂದ ತೆಗೆಯುವ ಬಗೆ. ವೆಬ್ ಸರ್ವರನ್ನು ಕೆಲವೇ ಸೆಕೆಂಡುಗಳಲ್ಲಿ ಖಾಲಿ ಮಾಡಬಹುದು. ಕಡತ ಸಾಗಣೆಯ ಸರ್ವರನ್ನು ಹಾಗೆ ಮಾಡಲಾಗದು. ಹೊಸ ಸಂಪರ್ಕ ಕೊಡುವುದನ್ನು ನಿಲ್ಲಿಸಿ, ಇರುವವು ತಾವಾಗಿ ಮುಗಿಯುವ ತನಕ ಕಾಯಬೇಕು. ದೊಡ್ಡ ಕಡತಗಳಿದ್ದರೆ ಅದಕ್ಕೆ ಗಂಟೆಗಳೇ ಹಿಡಿಯಬಹುದು. ಹೆಚ್ಚಿನ ಸ್ಕ್ರಿಪ್ಟುಗಳು ಗಂಟೆ ಹೊಡೆಯುವ ಸಮಯಕ್ಕೆ ಸರಿಯಾಗಿ ಒಟ್ಟಿಗೆ ಹೊರಡುವುದರಿಂದ, ಗಂಟೆಯ ಮೊದಲ ನಿಮಿಷಗಳಲ್ಲಿ ಸಾಲಿನಿಂದ ಯಾವ ಸರ್ವರನ್ನೂ ತೆಗೆಯದಿರುವುದು ಒಳ್ಳೆಯದು. ಲಾಗಿನ್ ಆಗದ ಸಂಪರ್ಕಗಳು ಹತ್ತನ್ನು ಮುಟ್ಟಿದೊಡನೆ, ಮೂಲ ಹೊಂದಾಣಿಕೆಯಲ್ಲಿರುವ ಓಪನ್‌ಎಸ್‌ಎಸ್‌ಎಚ್ ಹೊಸದಾಗಿ ಬಂದವುಗಳಲ್ಲಿ ಶೇಕಡಾ 30ರಷ್ಟನ್ನು ತಿರಸ್ಕರಿಸತೊಡಗುತ್ತದೆ, ನೂರಾದಾಗ ಎಲ್ಲವನ್ನೂ. ಈ ಮಿತಿಯನ್ನು ತಿಂಗಳ ಕೊನೆ ಬರುವ ಮೊದಲೇ ಏರಿಸಿಡಬೇಕು, ದುರಸ್ತಿಯನ್ನು ತಿಂಗಳ ನಡುವಿನ ವಾರಕ್ಕೆ ಇಟ್ಟುಕೊಳ್ಳಬೇಕು.

ನಮಸ್ಕಾರ.