ಕೆಮ್ಮುತ್ತಾ ಬಂದವನು ರೋಗಿಯಲ್ಲ, ಗೂಢಚಾರ!

ನಮಸ್ಕಾರ. ವೀಕ್ಷಕರೊಬ್ಬರು ಕೇಳಿದ್ದಾರೆ: “ತಿಂಗಳುಗಟ್ಟಲೆ ಕೆಮ್ಮುತ್ತಿದ್ದ ನಮ್ಮ ಚಿಕ್ಕಪ್ಪನಿಗೆ ಮೂವರು ವೈದ್ಯರು ಸಿರಪ್ ಬರೆದುಕೊಟ್ಟರು. ಟಿಬಿ ಎಂದು ಪತ್ತೆ ಹಚ್ಚಿದ್ದು ನಾಲ್ಕನೆಯವರು. ಮೊದಲ ಮೂವರಿಗೆ ಗೊತ್ತೇ ಇರಲಿಲ್ಲವೇ?”

ಗೊತ್ತಿರಬೇಕಾದದ್ದು ಇಷ್ಟೇ: ಎರಡು ವಾರ ದಾಟಿದ ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಕಂಡರೆ ಕಫ ಪರೀಕ್ಷೆ ಮಾಡಿಸಬೇಕು. ಆಸ್ಪತ್ರೆ ಗೋಡೆಯ ಮೇಲೇ ಬರೆದಿರುತ್ತಾರೆ. ಮುಂದೆ ಹೋಗೋಣ.

2014, ದೆಹಲಿ. ಟಿಬಿ ಲಕ್ಷಣದವರು ಬಂದರೆ ಚಿಕಿತ್ಸಕರು ನಿಜಕ್ಕೂ ಏನು ಮಾಡುತ್ತಾರೆ ಎಂದು ನೋಡಲು ಸಂಶೋಧಕರು 17 ಜನರಿಗೆ ರೋಗಿಯ ಪಾತ್ರ ಕಲಿಸಿದರು. ಕೆಮ್ಮು ಶುರುವಾಗಿ ಎಷ್ಟು ದಿನ, ಕಫ ಬರುತ್ತದೆಯೇ, ಹಿಂದೆ ಯಾವ ಮಾತ್ರೆ ನುಂಗಿದ್ದಿರಿ – ಎಲ್ಲಕ್ಕೂ ಉತ್ತರ ಬಾಯಿಪಾಠ. ಇಂಜೆಕ್ಷನ್ ಚುಚ್ಚಲು ಬಂದರೆ ನಯವಾಗಿ ತಪ್ಪಿಸಿಕೊಳ್ಳುವ ತಾಲೀಮೂ ಆಗಿತ್ತು. ನಮ್ಮ ಧಾರಾವಾಹಿಗಳ ನಟರಿಗೂ ಇಷ್ಟು ತಯಾರಿ ಇರಲಿಕ್ಕಿಲ್ಲ! ಮೋಸವಲ್ಲವೇ ಎನ್ನಬೇಡಿ, ಚಿಕಿತ್ಸಕರ ಒಪ್ಪಿಗೆಯನ್ನು ಮೊದಲೇ ಪಡೆದಿದ್ದರು. ಬರುವವರು ಯಾರು, ಯಾವತ್ತು ಎಂದಷ್ಟೇ ಹೇಳಿರಲಿಲ್ಲ.

75 ಖಾಸಗಿ ಚಿಕಿತ್ಸಕರ ಬಳಿ ಒಟ್ಟು 250 ಭೇಟಿಗಳಾದವು. ಎಂಬಿಬಿಎಸ್ ಓದಿದವರೂ ಇದ್ದರು, ಓದದವರೂ ಇದ್ದರು. ಸರಿಯಾದ ಕ್ರಮ ಕಂಡದ್ದು 52 ಭೇಟಿಗಳಲ್ಲಿ.

ಸರಿ, ಅಜ್ಞಾನ ಎಂದುಬಿಡೋಣವೇ? ತಡೆಯಿರಿ. ಅವರಲ್ಲೇ 69 ಮಂದಿಗೆ ಇಂತಹುದೇ ರೋಗಿಯ ವಿವರ ಕೊಟ್ಟು, ಏನು ಮಾಡುತ್ತೀರಿ ಎಂದು ಕೇಳಿದರು. ಎದೆಯ ಎಕ್ಸ್‌-ರೇ ಅಥವಾ ಕಫ ಪರೀಕ್ಷೆ ಮಾಡಿಸುತ್ತೇವೆ ಎಂದವರು 50. ಅಂತಹುದೇ ನಕಲಿ ರೋಗಿ ಎದುರು ಕುಳಿತಾಗ ಅದೇ 69 ಮಂದಿಯಲ್ಲಿ ನಿಜವಾಗಿ ಬರೆದುಕೊಟ್ಟವರು?

(ತೆರೆಯ ಮೇಲೆ ದೊಡ್ಡದಾಗಿ: 7)

ಏಳು! ಆರ್‌ಟಿಓ ಪರೀಕ್ಷೆಯಲ್ಲಿ ಪ್ರತಿ ಸಂಚಾರ ಚಿಹ್ನೆಯನ್ನೂ ಗುರುತಿಸಿ ಲೈಸೆನ್ಸ್ ಪಡೆದವರು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಹೇಗೆ ಓಡಿಸುತ್ತಾರೆ ಎಂದು ನೋಡಿದ್ದೀರಲ್ಲ? ಅವರಿಗೆ ಇನ್ನೊಮ್ಮೆ ಚಿಹ್ನೆಗಳ ಪಾಠ ಮಾಡಿ ಏನು ಪ್ರಯೋಜನ? ಆದರೂ ನಾವು ತರಬೇತಿ ಶಿಬಿರ ನಡೆಸಿ, ಊಟ ಹಾಕಿ, ಪ್ರಮಾಣಪತ್ರ ಕೊಟ್ಟು ಕಳಿಸುತ್ತೇವೆ.

ನನ್ನ ಲೆಕ್ಕದಲ್ಲಿ ಕಾರಣ ಬೇರೆ. ಕೆಮ್ಮಿಕೊಂಡು ಬರುವ ಹೆಚ್ಚಿನವರಿಗೆ ಟಿಬಿ ಇರುವುದಿಲ್ಲ. ಪರೀಕ್ಷೆ ಎಂದರೆ ಖರ್ಚು. ರೋಗಿ ಪಕ್ಕದ ಬೀದಿಯ ಕ್ಲಿನಿಕ್‌ಗೆ ಹೋಗಿಬಿಟ್ಟಾನು. ಔಷಧಿ ಕೊಟ್ಟರೆ ಇಬ್ಬರಿಗೂ ಸಮಾಧಾನ. ಆ ಔಷಧಿ ಫ್ಲೂರೋಕ್ವಿನೋಲೋನ್ ಗುಂಪಿನ ಆಂಟಿಬಯೋಟಿಕ್ ಆಗಿದ್ದರಂತೂ ಟಿಬಿ ಕೆಲವು ದಿನ ಅರೆಬರೆ ಅಡಗಿ, ಪತ್ತೆ ಇನ್ನಷ್ಟು ತಡವಾಗುತ್ತದೆ.

ಇದೇನು ದೆಹಲಿಯ ಹೊಸ ರೋಗವಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ ತುಮಕೂರು ಜಿಲ್ಲೆಯ ಕ್ಷಯರೋಗಿಗಳನ್ನು ಮಾತನಾಡಿಸಿ 1963ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಳ್ಳಿಗರಿಗೆ ಅರಿವಿಲ್ಲ ಎಂಬುದೇ ಆಗಿನ ನಂಬಿಕೆ. ಕಂಡದ್ದು ಬೇರೆ: ಹೆಚ್ಚುಕಡಿಮೆ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು, ಅರ್ಧದಷ್ಟು ಜನ ಚಿಕಿತ್ಸೆ ಹುಡುಕಿಕೊಂಡೂ ಹೋಗಿದ್ದರು. ಸರ್ಕಾರಿ ಆಸ್ಪತ್ರೆಗೆ ಹೋದವರ ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ!

ಸಮಯ ಮುಗಿಯುತ್ತಿದೆ, ಬೇಗ ಹೇಳುತ್ತೇನೆ. ದೆಹಲಿಯ ನಂತರ ಮುಂಬೈ, ಪಟ್ನಾಗಳಲ್ಲಿ 2,652 ಭೇಟಿಗಳಾದವು. ಸರಿಯಾದ ಕ್ರಮ ಶೇ 35. ಮೂರೂ ನಗರಗಳ ಔಷಧಿ ಅಂಗಡಿಗಳಿಗೂ ಈ ಗೂಢಚಾರರು ಹೋಗಿದ್ದರು. ಆಂಟಿಬಯೋಟಿಕ್ ಧಾರಾಳವಾಗಿ ಸಿಕ್ಕಿತು, ಆದರೆ ಟಿಬಿಗೆ ಮೊದಲು ಕೊಡುವ ಮುಖ್ಯ ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಒಂದು ಅಂಗಡಿಯೂ ಕೊಡಲಿಲ್ಲ. ಅಷ್ಟಕ್ಕೆ ಶಹಬ್ಬಾಸ್ ಎನ್ನಬೇಕು.

ಚಿಕ್ಕಪ್ಪನ ಮನೆಯವರಿಗೆ ಒಂದು ಮಾತು: ಒಂದೇ ಸೂರಿನಡಿ ಇದ್ದವರೆಲ್ಲ ತಪಾಸಣೆ ಮಾಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಸರ್ಕಾರದ ಟಿಬಿ ಸಹಾಯವಾಣಿ ‘ನಿಕ್ಷಯ್’: 1800-11-6666.